ಸುಗಂಧರಾಜದ ಗಡ್ಡೆ ಚೀಲದಲ್ಲೇ ಮೊಳಕೆ ಒಡೆದಿದೆ, ಯುಗಾದಿವರೆಗೆ ತಡೆಯುವುದು ಹೇಗೆ?

ಮೊದಲು ಒಂದು ಮಾತು: ಮೊಳಕೆ ಮುರಿಯಬೇಡಿ. ನಾನು ಮುರಿದು ಒಂದು ವರ್ಷ ಕಳೆದುಕೊಂಡವನು.

ನಮ್ಮದು ಕೊಪ್ಪಳ ತಾಲೂಕಿನ ಹಳ್ಳಿ. ಪಕ್ಕದ ಹೊಲದವರು ಮೂರು ವರ್ಷದ ಬೆಳೆ ಕಿತ್ತಾಗ ಐದು ಗುಂಟೆಗೆ ಆಗುವಷ್ಟು, ಸುಮಾರು 5,000 ಗಡ್ಡೆ ತಂದೆ. ಗೋಣಿಚೀಲದಲ್ಲಿ ತುಂಬಿ ಪಡಸಾಲೆ ಮೂಲೆಗಿಟ್ಟೆ. ಕಡಲೆ ಕಿತ್ತ ಮೇಲೆ ಹೊಲ ಖಾಲಿ, ಬೋರಿನಲ್ಲಿ ನೀರೂ ಇತ್ತು. ಆದರೆ ಹೊಸ ಬೆಳೆ ಯುಗಾದಿ ಆದ ಮೇಲೆಯೇ ಅಂತ ಅಪ್ಪನ ಹಟ. ಕಾದೆವು. ಚೀಲ ಬಿಚ್ಚಿದರೆ ಬೆರಳುದ್ದ ಬಿಳಿಚಿದ ಮೊಳಕೆ!

ಉಳ್ಳಾಗಡ್ಡಿ ಮೊಳಕೆ ಬಂದರೆ ಏನು ಮಾಡುತ್ತೇವೆ? ಚಿವುಟಿ ಸಾರಿಗೆ ಹಾಕುತ್ತೇವೆ. ಇದೂ ಅಷ್ಟೇ ಅಂದುಕೊಂಡೆ. ಎರಡು ಸಂಜೆ ಮನೆಮಂದಿಯೆಲ್ಲ ಕೂತು ಒಂದೂ ಬಿಡದೆ ಮುರಿದೆವು. ಅವ್ವ ಮಾತ್ರ "ಇದರ ಕಣ್ಣು ಕೀಳ್ತಿದ್ದೀರಲ್ಲೋ" ಅಂದಳು. ಯಾರು ಕೇಳಬೇಕು?

ಆಮೇಲೆ ಒಂದು ಗಡ್ಡೆಯನ್ನು ಈಳಿಗೆಯಲ್ಲಿ ಉದ್ದಕ್ಕೆ ಸೀಳಿ ನೋಡಿದೆ. ನೀವೂ ಒಂದನ್ನು ಹಾಳುಮಾಡಿ ನೋಡಿ, ಪರವಾಗಿಲ್ಲ. ಸುತ್ತ ಇರುವ ಪದರಗಳೆಲ್ಲ ಬುತ್ತಿ. ನಡುವೆ ಒಂದೇ ಒಂದು ಮುಖ್ಯ ಕುಡಿ. ಎಲೆ ಬರುವುದೂ ಅದರಿಂದ, ಮುಂದೆ ಹೂದಂಟು ಏಳುವುದೂ ಅದರಿಂದ. ಅದನ್ನು ಮುರಿದರೆ ಗಡ್ಡೆ ಸಾಯುವುದಿಲ್ಲ, ಅದೇ ಮೋಸ. ಪಕ್ಕದ ಮರಿಗಡ್ಡೆಗಳು ಚಿಗುರುತ್ತವೆ. ಹೊಲ ಹಸಿರಾಗುತ್ತದೆ, ನಮಗೆ ಖುಷಿ. ಆದರೆ ಮರಿಗಳು ಬಲಿತು ದಪ್ಪ ಆಗುವವರೆಗೆ ಹೂವಿಲ್ಲ. ಪಕ್ಕದವರು ಶ್ರಾವಣಕ್ಕೆ ಹೂವು ಕಿತ್ತು ಹೊಸಪೇಟೆಗೆ ಕಳಿಸುತ್ತಿದ್ದರು. ನನ್ನ ಮಡಿಯಲ್ಲಿ ಬರೀ ಎಲೆ. "ದನಕ್ಕೆ ಮೇವು ಹಾಕಿದ್ದೀಯಾ?" ಅಂತ ಕೇಳಿದವರೂ ಇದ್ದಾರೆ. ಗಣೇಶ ಹಬ್ಬ ಹೋಯಿತು, ದಸರಾ ಹೋಯಿತು. ದೀಪಾವಳಿಗೆ ಅಲ್ಲೊಂದು ಇಲ್ಲೊಂದು ದಂಟು.

ಇನ್ನು ನಿಮ್ಮ ಪ್ರಶ್ನೆ. ತಡೆಯುವುದು ಯಾಕೆ ಅಂತಲೇ ನನಗೆ ಅರ್ಥ ಆಗುತ್ತಿಲ್ಲ. ವಸಂತದವರೆಗೆ ಗಡ್ಡೆ ಕಾಪಾಡಿ ಅಂತ ವಿಡಿಯೋದಲ್ಲಿ ಹೇಳುವುದು ನೆಲ ಹೆಪ್ಪುಗಟ್ಟುವ ದೇಶದವರಿಗೆ. ನಮ್ಮ ಕಡೆ ಫೆಬ್ರವರಿಯಲ್ಲೇ ಮಧ್ಯಾಹ್ನ ಹೊರಗೆ ಹೋಗೋಕಾಗಲ್ಲ, ಯಾವ ಹಿಮಕ್ಕೆ ಹೆದರಬೇಕು? ಇದು ಮೆಕ್ಸಿಕೋ ಮೂಲದ ಗಿಡ, ಫ್ರಿಜ್ಜಿನ ಮಾತೇ ಬೇಡ. ಮೊಳಕೆ ಬಂತು ಅಂದರೆ ಗಡ್ಡೆ ರೆಡಿ ಅಂತ. ನೀರಿದ್ದರೆ ಈ ವಾರವೇ ಹಾಕಿ. ಅಡಿಗೊಂದು ಗಡ್ಡೆ, ಮೊಳಕೆಯ ತುದಿ ಮಣ್ಣಿನ ಮೇಲೆ ಕಾಣುವ ಹಾಗೆ. ಒತ್ತಿದರೆ ಮೆತ್ತಗಿರುವ ಗಡ್ಡೆ ಎಸೆದುಬಿಡಿ. ಮಸಾರಿ (ಕೆಂಪು ಮಣ್ಣಿನ) ನೆಲ ಆದರೆ ಚಿಂತೆ ಇಲ್ಲ, ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಮಾತ್ರ ನೀರು ನಿಂತರೆ ಬುಡ ಕೊಳೆಯುತ್ತದೆ.

ಹೊಲ ಖಾಲಿ ಇಲ್ಲವೇ? ಚೀಲದಿಂದ ತೆಗೆದು ನೆರಳಲ್ಲಿ ಒಂದೇ ಪದರವಾಗಿ ಹರಡಿ. ಸೆಕೆ ಅಂತ ಒದ್ದೆ ಗೋಣಿ ಮುಚ್ಚಬೇಡಿ. ಜಾಸ್ತಿ ಉದ್ದ ಬೆಳೆದವನ್ನು ಮಣ್ಣು, ಗೊಬ್ಬರ ತುಂಬಿದ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆಮೇಲೆ ಮಣ್ಣಿನ ಸಮೇತ ನೆಡಿ.

ಈಗಾಗಲೇ ಒಂದಷ್ಟು ಮುರಿದಿದ್ದೀರಾ? ಅವನ್ನು ಬೇರೆ ಮಡಿಯಲ್ಲಿ ಒತ್ತಾಗಿ ಹಾಕಿ. ನನಗೆ ಮುಂದಿನ ಸಲದ ಬೀಜದ ಗಡ್ಡೆ ಸಿಕ್ಕಿದ್ದು ಹಾಗೆಯೇ.