ನಾಲ್ಕೇ ಟ್ರ್ಯಾಕ್, ಮೇಳದಲ್ಲಿ ಆರು ಜನ

ಪ್ರಶ್ನೆ: ಸರ್, ನಮ್ಮದು ದಾವಣಗೆರೆಯ ಒಂದು ಭಜನಾ ಮೇಳ. ಗಲ್ಫ್‌ನಲ್ಲಿದ್ದ ನಮ್ಮ ಮಾವ ಮಿಕ್ಸರ್ ಸಮೇತ ಇರೋ 4 ಟ್ರ್ಯಾಕ್ ಕ್ಯಾಸೆಟ್ ರೆಕಾರ್ಡರ್ ಕೊಟ್ಟಿದ್ದಾರೆ. ನಮ್ಮಲ್ಲಿ ಹಾರ್ಮೋನಿಯಂ, ತಬಲಾ, ತಾಳ, ಹಿಮ್ಮೇಳಕ್ಕೆ ಇಬ್ಬರು, ಮುಂದೆ ಹಾಡೋರೊಬ್ಬರು. ನಾಲ್ಕು ಟ್ರ್ಯಾಕಿಗೆ ಇಷ್ಟೂ ಜನ ಹಿಡಿಸ್ತಾರಾ?

ಉತ್ತರ: ಖಂಡಿತ ಹಿಡಿಸ್ತಾರೆ. ಟ್ರ್ಯಾಕ್ ಅಂದರೆ ಟೇಪಿನ ಉದ್ದಕ್ಕೂ ಬೇರೆ ಬೇರೆಯಾಗಿ ದನಿ ತುಂಬಿಸೋ ಪಟ್ಟಿ. 1979ರಲ್ಲಿ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೊ 144 ಅನ್ನೋ ಇಂಥದ್ದೇ ಯಂತ್ರ ಬಂದಾಗಿನಿಂದ ಜನ ಮಾಡಿಕೊಂಡು ಬಂದಿರೋ ಉಪಾಯ ಒಂದಿದೆ, ಅದಕ್ಕೆ ಬೌನ್ಸ್ ಅಂತಾರೆ. 1ರಲ್ಲಿ ತಬಲಾ, 2ರಲ್ಲಿ ಹಾರ್ಮೋನಿಯಂ, 3ರಲ್ಲಿ ಹಿಮ್ಮೇಳ ತುಂಬಿಸಿ. ಮೂರನ್ನೂ ಮಿಕ್ಸರ್‌ನಲ್ಲಿ ಹದವಾಗಿ ಬೆರೆಸಿ 4ಕ್ಕೆ ಇಳಿಸಿ. ಈಗ ಮೊದಲ ಮೂರೂ ಖಾಲಿ ಮಾಡಿಕೊಳ್ಳಬಹುದು. ಅಲ್ಲಿ ಮುಖ್ಯ ದನಿ, ತಾಳ ಹಾಕಿದರೂ ಇನ್ನೊಂದು ಉಳಿಯುತ್ತದೆ.

ಆದರೆ ಮುಂದಿನವರು ಹಾಡದೆ ಹಿಮ್ಮೇಳದವರು ಎಲ್ಲಿ ಎತ್ತಿಕೊಳ್ಳಬೇಕು, ಅಲ್ವಾ? ಅದಕ್ಕೇ ತಬಲಾ ನುಡಿಸುವಾಗಲೇ ಮುಂದಿನವರು ಇನ್ನೊಂದು ಮೈಕಿನಲ್ಲಿ, ಸ್ವಲ್ಪ ದೂರ ಕೂತು, 4ರಲ್ಲಿ ಸುಮ್ನೆ ದಾರಿ ತೋರಿಸೋಕೆ ಅಂತ ಹಾಡಲಿ. ಉಳಿದವರು ಅದನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ತಮ್ಮ ಪಾಲು ತುಂಬಿಸಲಿ. ಬೌನ್ಸ್ ಮಾಡುವಾಗ ಆ ದನಿಯ ಮೇಲೇ ಹೊಸದು ಕೂತು ಅದು ಅಳಿಸಿಹೋಗುತ್ತದೆ. ತಾಳವನ್ನು ಮಾತ್ರ ಬೌನ್ಸಿಗೆ ಸೇರಿಸಬೇಡಿ. ಒಂದು ಸಲ ನಕಲು ಆದಾಗಲೇ ಮೇಲಿನ ಸ್ವರಗಳ ಹೊಳಪು ಕಮ್ಮಿಯಾಗುತ್ತದೆ, ತಾಳದ ಜೀವ ಇರೋದೇ ಆ ಹೊಳಪಿನಲ್ಲಿ.

ಒಮ್ಮೆ 4ಕ್ಕೆ ಇಳಿಸಿ ಹಳೆಯದನ್ನು ಅಳಿಸಿದ ಮೇಲೆ ತಬಲಾ ಏರಿಸ್ತೀನಿ, ಹಾರ್ಮೋನಿಯಂ ಇಳಿಸ್ತೀನಿ ಅಂದರೆ ಆಗಲ್ಲ. ನಾನು ಒಂದು ರಾತ್ರಿ ಬರೀ ಹೆಡ್‌ಫೋನ್ ನಂಬಿ ಬೌನ್ಸ್ ಮಾಡಿ, ಆಗಲೇ ಮೂರೂ ಟ್ರ್ಯಾಕ್ ಅಳಿಸಿಬಿಟ್ಟೆ. ಬೆಳಿಗ್ಗೆ ಸ್ಪೀಕರ್‌ನಲ್ಲಿ ಕೇಳಿದರೆ ಹಾರ್ಮೋನಿಯಂ ತಬಲಾವನ್ನು ಪೂರ್ತಿ ನುಂಗಿಹಾಕಿತ್ತು, ನುಡಿಸಿದವರೆಲ್ಲ ಅಷ್ಟೊತ್ತಿಗೆ ಊರಿಗೆ ಹೋಗಿಯಾಗಿತ್ತು. ಇವತ್ತಿಗೂ ನೆನೆಸಿಕೊಂಡರೆ ಬೇಜಾರು. ನೀವು ಸ್ಪೀಕರ್‌ನಲ್ಲಿ ಕೇಳಿ, ಮೇಳದವರಿಗೂ ಕೇಳಿಸಿ, ಅವರು ಸರಿ ಅಂದ ಮೇಲೆ ಅಳಿಸಿ. ತಬಲಾ ಅವತ್ತಿಗೆ ಒಂದು ಚೂರು ಜಾಸ್ತಿ ಅನ್ನಿಸಿದರೂ ಇರಲಿ, ದನಿ ಮೇಲೆ ಬಂದು ಕೂತಾಗ ಅದು ತಾನಾಗೇ ಹಿಂದೆ ಸರಿಯುತ್ತದೆ.

ಟೇಪಿನ ವೇಗವನ್ನೂ ಅದರ ಜೊತೆ ಶ್ರುತಿಯನ್ನೂ ಬದಲಿಸೋ ಪಿಚ್ ಗುಂಡಿಯನ್ನು ನಡುವೆ ಮುಟ್ಟಲೇಬೇಡಿ. ಹಾಡೋರು ಶ್ರುತಿ ಬದಲಾದರೆ ಹೊಂದಿಕೊಳ್ಳುತ್ತಾರೆ, ಹಾರ್ಮೋನಿಯಂ ಹೊಂದಿಕೊಳ್ಳಲ್ಲ. ಟೇಪಿನ ಸುಯ್ಯನೆ ಸದ್ದು ಕಡಿಮೆ ಮಾಡೋ ಡಿಬಿಎಕ್ಸ್ ಸ್ವಿಚ್ ಇದ್ದರೆ ಅದೂ ಶುರುವಿನಿಂದ ಕೊನೆತನಕ ಒಂದೇ ಕಡೆ ಇರಲಿ.

ಕ್ಯಾಸೆಟ್ ಟೈಪ್ 2, ಅಂದರೆ ಕ್ರೋಮ್ ನಮೂನೆಯದು ತಗೊಳ್ಳಿ. ನಿಮ್ಮ ಯಂತ್ರ ಎರಡರಷ್ಟು ವೇಗದಲ್ಲಿ ಓಡುವಂಥದ್ದಾದರೆ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸಿಗೋದು 15 ನಿಮಿಷ ಮಾತ್ರ, ಯಾಕಂದರೆ ನಾಲ್ಕೂ ಟ್ರ್ಯಾಕ್ ಒಂದೇ ಕಡೆಗೆ ಓಡೋದರಿಂದ ತಿರುಗಿಸಿ ಇನ್ನೊಂದು ಬದಿ ಬಳಸೋ ಹಾಗಿಲ್ಲ. ಟೇಪು ತಾಗಿಕೊಂಡು ಹೋಗೋ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಹತ್ತಿ ಕಂದು ಬಣ್ಣಕ್ಕೆ ತಿರುಗೋದು ನಿಂತ ಮೇಲೆ ಶುರು ಮಾಡಿ. ರೂಮಿನಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತಿದ್ದರೆ ಹಾಡೋರ ಬೆನ್ನ ಹಿಂದೆ ಎರಡು ಚಳ್ಳಕೆರೆ ಕಂಬಳಿ ಇಳಿಬಿಡಿ, ಸಾಕು. ಫ್ಯಾನ್ ಆಫ್. ರೈಲು ಊರ ನಡುವೆಯೇ ಹೋಗುತ್ತದೆ, ಹಾರ್ನ್ ಬಂದರೆ ನಿಲ್ಲಿಸಿ ಮತ್ತೆ ಮೊದಲಿಂದ ಹಾಡಿ.

ಪ್ರಶ್ನೆ: ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ ಸರ್. ಅಜ್ಜಿಯ ಸೋಬಾನೆ ಪದಗಳನ್ನು ಅಪ್ಪ ಇಂಥದ್ದೇ ಯಂತ್ರದಲ್ಲಿ ರೆಕಾರ್ಡ್ ಮಾಡಿದ್ದರು. ಈಗ ಮಾಮೂಲಿ ಟೇಪಿನಲ್ಲಿ ಹಾಕಿದರೆ ಅಜ್ಜಿ ದನಿ ಗಂಡಸಿನ ದನಿಯ ಹಾಗೆ ದಪ್ಪಗೆ, ನಿಧಾನಕ್ಕೆ ಬರುತ್ತೆ. ತಿರುಗಿಸಿ ಹಾಕಿದರೆ ಎಲ್ಲಾ ಉಲ್ಟಾ. ಕ್ಯಾಸೆಟ್ ಹಾಳಾಗಿದೆಯಾ?

ಉತ್ತರ: ಹಾಳಾಗಿಲ್ಲ, ಧೈರ್ಯವಾಗಿರಿ. ಅದು ಸೆಕೆಂಡಿಗೆ ಸುಮಾರು 9.5 ಸೆಂಟಿಮೀಟರ್ ವೇಗದಲ್ಲಿ ರೆಕಾರ್ಡ್ ಆಗಿದೆ, ನಿಮ್ಮ ಟೇಪು ಓಡೋದು 4.76ರಲ್ಲಿ. ಅರ್ಧ ವೇಗ, ಹಾಗಾಗಿ ದನಿ ಒಂದು ಸ್ಥಾಯಿ ಪೂರ್ತಿ ಕೆಳಗೆ. ಮಾಮೂಲಿ ಕ್ಯಾಸೆಟ್ಟಿನಲ್ಲಿ ಎರಡು ಟ್ರ್ಯಾಕ್ ಆ ಕಡೆಗೆ, ಎರಡು ಈ ಕಡೆಗೆ ಓಡುತ್ತವೆ. ಇದರಲ್ಲಿ ನಾಲ್ಕೂ ಒಂದೇ ಕಡೆಗೆ, ಅದಕ್ಕೇ ತಿರುಗಿಸಿದಾಗ 3 ಮತ್ತು 4 ಉಲ್ಟಾ.

ಮೊದಲು ಕ್ಯಾಸೆಟ್ ಅಂಚಿನ ಎರಡೂ ಪ್ಲಾಸ್ಟಿಕ್ ಚಕ್ಕೆ ಮುರಿದುಬಿಡಿ, ಯಾರೂ ಕೈತಪ್ಪಿ ಅದರ ಮೇಲೆ ರೆಕಾರ್ಡ್ ಮಾಡದ ಹಾಗೆ. ಅಂಥ ಯಂತ್ರ ಯಾರ ಹತ್ತಿರವಾದರೂ ಸಿಕ್ಕಿದರೆ ಅದೇ ಒಳ್ಳೇದು. ಇಲ್ಲದಿದ್ದರೆ ಎರಡೂ ಬದಿಯನ್ನು ಕಂಪ್ಯೂಟರ್‌ಗೆ ಇಳಿಸಿ, ವೇಗ ಎರಡರಷ್ಟು ಮಾಡಿ, ಎರಡನೇ ಬದಿಯನ್ನು ಹಿಂದುಮುಂದು ಮಾಡಿ, ಜೋಡಿಸಿ. ಟೇಪು ಪ್ರತಿ ಸಲ ಒಂದೇ ವೇಗದಲ್ಲಿ ಓಡಲ್ಲ, ಎರಡು ಬದಿಗಳ ಹೊಂದಿಕೆ ಎರಡು ನಿಮಿಷದಲ್ಲೇ ಜಾರಿಬಿಡುತ್ತದೆ, ಹಾಗಾಗಿ ತುಣುಕು ತುಣುಕಾಗಿ ಕತ್ತರಿಸಿ ಕೂರಿಸಬೇಕು. ನಾಲ್ಕೂ ಕೂಡುವವರೆಗೆ ಕಾಯಲೇಬೇಕು ಅಂತಿಲ್ಲ. ಅಜ್ಜಿ ದನಿ ಇರೋ ಆ ಒಂದು ಟ್ರ್ಯಾಕನ್ನು ಮೊದಲು ಸರಿ ಮಾಡಿ, ಮನೆಯವರೆಲ್ಲ ಕೂತು ಕೇಳಿ.