ದಡದಿಂದ ಜೀವಂತ ಎರೆ (ಸಣ್ಣ ಮೀನು, ಸಿಗಡಿ) ಹಾಕಿ ಸಮುದ್ರದ ಮೀನು ಹಿಡಿಯುವುದು ಹೇಗೆ? ಎರೆ ಬೇಗ ಸಾಯುತ್ತದೆ, ಎಸೆದರೆ ಕಿತ್ತುಹೋಗುತ್ತದೆ. ಉದ್ದದ ರಾಡ್ ತಗೊಳ್ಳಲಾ?

ರಾಡ್ ಬೇಡ. ಆ ದುಡ್ಡಿಗೆ ಒಂದು ದೊಡ್ಡ ದುಂಡನೆಯ ಬಕೆಟ್, ನೀರಿಗೆ ಗಾಳಿಯ ಗುಳ್ಳೆ ಬಿಡುವ, ಬ್ಯಾಟರಿಯಲ್ಲಿ ಓಡುವ ಏರೇಟರ್ ತಗೊಳ್ಳಿ. ಜೀವಂತ ಎರೆಯ ಕೆಲಸದಲ್ಲಿ ಮುಕ್ಕಾಲು ಪಾಲು ಎರೆಯನ್ನು ಚುರುಕಾಗಿ ಇಟ್ಟುಕೊಳ್ಳುವುದೇ. ಹೊಟ್ಟೆ ಮೇಲಾಗಿ ತೇಲುತ್ತಾ ಬಾಯಿ ಬಿಡುತ್ತಿರುವ ಮೀನನ್ನು ಗಾಳಕ್ಕೆ ಹಾಕುವ ಬದಲು ತಾಜಾ ಮೀನಿನ ತುಂಡು ಹಾಕುವುದು ಎಷ್ಟೋ ವಾಸಿ. ಅದಕ್ಕೆ ರಕ್ತದ ವಾಸನೆಯಾದರೂ ಇರುತ್ತದೆ.

ಬಕೆಟ್‌ನಲ್ಲಿ ಯಾಕೆ ಸಾಯುತ್ತದೆ ಅಂತ ಮೊದಲು ನೋಡೋಣ. ಉಪ್ಪುನೀರಿನಲ್ಲಿ ಆಮ್ಲಜನಕ ಸಿಹಿನೀರಿಗಿಂತ ಕಡಿಮೆ ಕರಗುತ್ತದೆ, ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 7.4 ಮಿಲಿಗ್ರಾಂ ಇದ್ದರೆ, 30 ಡಿಗ್ರಿಗೆ ಬಂದಾಗ ಅದು 6.2ರ ಆಸುಪಾಸಿಗೆ ಇಳಿದಿರುತ್ತದೆ. ಅದೇ ಬಿಸಿಗೆ ಮೀನು ಇನ್ನೂ ಜಾಸ್ತಿ ಉಸಿರಾಡುತ್ತದೆ, ಅಂದರೆ ಎರಡೂ ಕಡೆಯಿಂದ ಹೊಡೆತ. ಏರೇಟರ್ ಇದ್ದೂ ಸಾಯುತ್ತಿದ್ದರೆ ಹೆಚ್ಚಾಗಿ ಕಾರಣ ಅಮೋನಿಯಾ. ಮೀನಿನ ಕಿವಿರಿನಿಂದ ಅದು ಬರುತ್ತಲೇ ಇರುತ್ತದೆ, ಗುಳ್ಳೆ ಎಬ್ಬಿಸಿದರೆ ಹೋಗುವುದಿಲ್ಲ, ನೀರನ್ನೇ ಬದಲಿಸಬೇಕು. ನೀರಿನ ಮೇಲೆ ನೊರೆ ನಿಲ್ಲುವುದಕ್ಕೆ ಶುರುವಾಯಿತು ಅಂದರೆ ಅರ್ಧ ಚೆಲ್ಲಿ ಹೊಸ ಸಮುದ್ರದ ನೀರು ತುಂಬಿ. ನಲ್ಲಿ ನೀರು ಒಂದು ಲೋಟವೂ ಬೇಡ, ಅದರ ಕ್ಲೋರಿನ್ ಕಿವಿರನ್ನು ಸುಡುತ್ತದೆ. ತಂಪು ಮಾಡಬೇಕು ಅಂತ ಸುಮ್ನೆ ಐಸ್ ತುಂಡು ಹಾಕಬೇಡಿ, ಕರಗಿ ಉಪ್ಪು ಕಮ್ಮಿಯಾಗುತ್ತದೆ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಮುಚ್ಚಳ ತೆಗೆಯದೆ ಹಾಗೇ ತೇಲಿಬಿಡಿ.

ದುಂಡನೆಯ ಬಕೆಟ್ ಅಂದೆ ಅಲ್ವಾ, ಅದಕ್ಕೂ ಕಾರಣವಿದೆ. ಬೂತಾಯಿಯಂಥ (ಸಾರ್ಡೀನ್) ಮೀನು ನಿಲ್ಲದೆ ಈಜುವ ಜಾತಿ. ಚೌಕದ ಡಬ್ಬಿಯಲ್ಲಿ ಮೂಲೆಗೆ ಸಿಕ್ಕಿ ಮೂತಿ ಗುದ್ದಿಕೊಂಡೇ ಹಾಳಾಗುತ್ತವೆ. ಬರಿಗೈ ಹಾಕುವುದಿದ್ದರೆ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈಗೆ ಮೀನಿನ ಮೈಮೇಲಿನ ಲೋಳೆ ಎದ್ದುಬರುತ್ತದೆ. ಇನ್ನು ಹತ್ತು ಮೀನು ಹಿಡಿಸುವ ಜಾಗಕ್ಕೆ ಮೂವತ್ತು ತುಂಬುವವರಿಗೆ ಯಾವ ಯಂತ್ರವೂ ಸಹಾಯ ಮಾಡುವುದಿಲ್ಲ. ಇಷ್ಟೆಲ್ಲ ರಗಳೆ ಬೇಡ ಅನಿಸಿದರೆ ಸಿಗಡಿ ಅಥವಾ ಏಡಿಯಿಂದ ಶುರುಮಾಡಿ. ಏಡಿಗೆ ಬಕೆಟ್ ತುಂಬ ನೀರೂ ಬೇಕಿಲ್ಲ, ಸಮುದ್ರದ ನೀರಿನಲ್ಲಿ ನೆನೆಸಿದ ಗೋಣಿಬಟ್ಟೆ ಮುಚ್ಚಿ ನೆರಳಲ್ಲಿಟ್ಟರೆ ಬಹಳ ಹೊತ್ತು ಬದುಕಿರುತ್ತದೆ.

ಗಾಳಕ್ಕೆ ಚುಚ್ಚುವ ಕಲೆಯನ್ನು ಸಿಗಡಿಯಲ್ಲೇ ಕಲಿಯುವುದು ಒಳ್ಳೆಯದು, ಯಾಕೆಂದರೆ ಅದರೊಳಗೆ ಏನಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಬೆಳಕಿಗೆ ಹಿಡಿದು ನೋಡಿ. ತಲೆಯ ಮುಂದೆ ಹಲ್ಲುಹಲ್ಲಾದ ಚೂಪು ಕೊಂಬು, ಅದರ ಹಿಂದೆ ಚಿಪ್ಪಿನೊಳಗೆ ಒಂದು ಕಪ್ಪು ಮಚ್ಚೆ. ಕೊಂಬಿನ ಬುಡಕ್ಕೂ ಆ ಕಪ್ಪಿಗೂ ನಡುವೆ ಚಿಪ್ಪು ಗಾಜಿನಂತೆ ತಿಳಿಯಾಗಿರುತ್ತದೆ, ಗಾಳದ ಮೊನೆ ಅಲ್ಲಿಂದ ಅಡ್ಡವಾಗಿ ದಾಟಬೇಕು. ಸರಿಯಾಗಿ ದಾಟಿದರೆ ಕಾಲು ಆಡಿಸುತ್ತಾ, ಬಾಲ ಬಡಿಯುತ್ತಾ ಇರುತ್ತದೆ. ಕಪ್ಪಿಗೆ ತಗುಲಿದರೆ ಕೈಯಲ್ಲೇ ಸತ್ತಿತು ಅಂತಲೇ ಲೆಕ್ಕ.

ಮೀನಾದರೆ ಎಲ್ಲಿ ಚುಚ್ಚುತ್ತೀರಿ ಅನ್ನುವುದರ ಮೇಲೆ ಅದು ಹೇಗೆ ಈಜುತ್ತದೆ ಅನ್ನುವುದು ನಿಂತಿದೆ. ಸೆಳೆತ ಜೋರಾಗಿದ್ದರೆ ಮೂಗಿನ ಹೊಳ್ಳೆಗಳ ಮೂಲಕ ಅಥವಾ ಮೇಲ್ದುಟಿಗೆ, ಆಗ ನೀರಿಗೆ ಎದುರಾಗಿ ನಿಂತು ಸರಾಗವಾಗಿ ಉಸಿರಾಡುತ್ತದೆ. ನೀರು ನಿಧಾನವಾಗಿದ್ದು ನೀರಿನ ಮೇಲೆ ತೇಲುವ ಬಲೂನು ಅಥವಾ ಫ್ಲೋಟ್ ಕೆಳಗೆ ಬಿಡುವುದಾದರೆ ಬೆನ್ನಿನ ಈಜುರೆಕ್ಕೆಯ ಸ್ವಲ್ಪ ಮುಂದೆ, ಚರ್ಮದಡಿ ಮಾತ್ರ. ಬೆನ್ನುಮೂಳೆಗೆ ತಾಗಬಾರದು. ಬಾಲದ ಹತ್ತಿರ ಚುಚ್ಚಿದರೆ ನಿಮ್ಮಿಂದ ದೂರ ದೂರ ಓಡಲು ನೋಡುತ್ತದೆ, ಜೆಟ್ಟಿಯ ತುದಿಯಲ್ಲಿ ನಿಂತವರಿಗೆ ಅದೇ ಬೇಕು. ಗಾಳ ಆದಷ್ಟು ತೆಳು ಇರಲಿ. ದಪ್ಪ ಗಾಳ ಹೊತ್ತ ಸಣ್ಣ ಮೀನು ಬೇಗ ಸುಸ್ತಾಗುತ್ತದೆ.

ಈಗ ಎಸೆಯುವ ವಿಷಯ. ಕಿತ್ತುಹೋಗುವುದು ಯಾಕೆ ಅಂದರೆ ನೀವು ಕೃತಕ ಎರೆ ಎಸೆಯುವ ಹಾಗೆ ಜೀವಂತ ಎರೆಯನ್ನೂ ಜಾಡಿಸುತ್ತಿದ್ದೀರಿ. ರಾಡನ್ನು ಹಿಂದೆ ಒಯ್ದು, ತೂಕ ಪೂರ್ತಿ ತುದಿಗೆ ಬಂದ ಮೇಲೆ ನಿಧಾನಕ್ಕೆ ಎತ್ತಿ ಬಿಡಬೇಕು, ಪುಟ್ಟ ಮಗುವಿಗೆ ಚೆಂಡು ಹಾಕುತ್ತೀವಲ್ಲ, ಹಾಗೆ. ದೂರ ಕಮ್ಮಿಯಾಗುತ್ತದೆ, ಆಗಲಿ ಬಿಡಿ. ಮರಳ ದಡದಲ್ಲಿ ಅಲೆ ಒಡೆಯುವ ದಿಬ್ಬಕ್ಕೂ ದಡಕ್ಕೂ ನಡುವೆ ಒಂದು ತಗ್ಗು ಇರುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ, ನೀರು ಸ್ವಲ್ಪ ಗಾಢವಾಗಿ ಕಾಣುತ್ತದೆ. ಬೆಳಗಿನ ಮಬ್ಬಿನಲ್ಲಿ, ಸಂಜೆ ಕತ್ತಲಾಗುವಾಗ ದೊಡ್ಡ ಮೀನು ಬೇಟೆಗೆ ಓಡಾಡುವುದೇ ಆ ತಗ್ಗಿನಲ್ಲಿ, ಎಷ್ಟೋ ಸಲ ಮೊಣಕಾಲುದ್ದದ ನೀರಿಗೂ ಬರುತ್ತದೆ. ದೂರ ಎಸೆಯುವ ಹುಚ್ಚಿನವರು ಮೀನಿನ ತಲೆ ಮೇಲಿಂದ ಎಸೆಯುತ್ತಿರುತ್ತಾರೆ, ನನಗಂತೂ ಹಾಗೇ ಅನಿಸುತ್ತದೆ.

ನಿಜವಾಗಿಯೂ ದೂರ ಬೇಕೇ ಬೇಕು ಅಂದಾಗ ಒಂದು ಚೆಂದದ ಉಪಾಯ ಇದೆ. ದಕ್ಷಿಣ ಆಫ್ರಿಕಾದ ಬಂಡೆಗಳ ಮೇಲೆ ದೊಡ್ಡ ಮೀನಿಗೆ ಕೂರುವವರು ಬಳಸುವುದು. ಮೊದಲು ಬರೀ ಸೀಸದ ತೂಕ ಎಸೆಯುತ್ತಾರೆ, ಮರಳಿನಲ್ಲಿ ಕಚ್ಚಿ ಕೂರುವ ತಂತಿ ಕಾಲುಗಳಿರುವ ಸೀಸ. ಲೈನ್ (ರೀಲಿನ ದಾರ) ಬಿಗಿ ಮಾಡಿ, ಆಮೇಲೆ ಎರೆ ಇರುವ ಗಿಡ್ಡ ಲೀಡರನ್ನು (ಗಾಳ ಕಟ್ಟುವ ತುಂಡು ದಾರ) ಒಂದು ಕ್ಲಿಪ್‌ನಿಂದ ಅದೇ ಲೈನಿಗೆ ಸಿಕ್ಕಿಸಿ ಜಾರಿಬಿಡುತ್ತಾರೆ. ಅದು ಜಾರುತ್ತಾ ಹೋಗಿ ಸೀಸದ ಸ್ವಲ್ಪ ಮೇಲೆ ತಡೆಗೆ ಸಿಕ್ಕಿ ನಿಲ್ಲುತ್ತದೆ, ವಾಪಸ್ ಬರುವುದಿಲ್ಲ. ಎರೆಗೆ ಎಸೆತದ ಪೆಟ್ಟೇ ಇಲ್ಲ. ನಿಂತ ಜಾಗ ಮಾತ್ರ ಎತ್ತರದಲ್ಲಿರಬೇಕು.

ಸಾಮಾನ್ಯ ದಿನಕ್ಕೆ ಲೈನಿನಲ್ಲಿ ಜಾರುವ ಸೀಸ, ಅದರ ಕೆಳಗೆ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ), ಆಮೇಲೆ ಅರ್ಧದಿಂದ ಒಂದು ಮೀಟರ್ ಫ್ಲೂರೋಕಾರ್ಬನ್ ಅನ್ನುವ ದಾರದ ಲೀಡರ್, ಇಷ್ಟು ಸಾಕು. ಚೂಪು ಹಲ್ಲಿನ ಮೀನು ಇರುವ ಕಡೆ ಕೊನೆಗೆ ಗೇಣುದ್ದ ಸ್ಟೀಲ್ ತಂತಿ.

ಹೊತ್ತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಗಡಿಯಾರಕ್ಕಿಂತ ಭರತ ಇಳಿತ ನೋಡಿ ಹೊರಡಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಆದ್ದರಿಂದ ಈ ಭಾನುವಾರ ಸಿಕ್ಕ ಹೊತ್ತಿಗೇ ಮುಂದಿನ ಭಾನುವಾರ ಹೋದರೆ ನೀರಿನ ಸ್ಥಿತಿ ಪೂರ್ತಿ ಬೇರೆ. ಏರುವ ನೀರಿನ ಕೊನೆಯ ಎರಡು ಗಂಟೆ ನನಗೆ ಇಷ್ಟ. ಅಳಿವೆಯ ಬಾಯಲ್ಲಿ ಮಾತ್ರ ಉಲ್ಟಾ, ಅಲ್ಲಿ ಇಳಿಯುವ ನೀರು ಸಿಗಡಿ, ಮರಿಮೀನುಗಳನ್ನು ಹೊರಗೆ ತಳ್ಳುತ್ತದೆ, ದೊಡ್ಡವು ಬಾಯಲ್ಲೇ ಕಾಯುತ್ತಿರುತ್ತವೆ. ನೀರು ನಿಂತುಬಿಟ್ಟಾಗ ಚಹಾ ಕುಡಿಯಿರಿ.

ಮೀನು ಕಚ್ಚುವ ಮುಂಚೆಯೇ ರಾಡಿನ ತುದಿ ಸುದ್ದಿ ಕೊಡುತ್ತದೆ. ಅಲ್ಲಿಯವರೆಗೆ ಒಂದೇ ಲಯದಲ್ಲಿ ಟುಕ್ ಟುಕ್ ಅನ್ನುತ್ತಿದ್ದ ಎರೆ ಇದ್ದಕ್ಕಿದ್ದಂತೆ ಪಟಪಟ ಒದ್ದಾಡುತ್ತದೆ, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಲೈನ್ ಓಡುತ್ತದೆ. ಆ ನಡುವಿನ ಕ್ಷಣದಲ್ಲಿ ರಾಡ್ ಮುಟ್ಟಬೇಡಿ. ಸರ್ಕಲ್ ಹುಕ್ (ದುಂಡಗೆ ಬಾಗಿದ ಗಾಳ) ಹಾಕಿದ್ದರೆ ಎಳೆದು ಜಗ್ಗುವುದೂ ಬೇಡ. ಅದರ ಮೊನೆ ಒಳಕ್ಕೆ ತಿರುಗಿರುತ್ತದೆ, ಮೀನು ತಿರುಗಿ ಓಡುವಾಗ ಜಾರಿ ಬಂದು ದವಡೆಯ ಮೂಲೆಗೆ ತಾನೇ ಸಿಕ್ಕಿಕೊಳ್ಳುತ್ತದೆ. ನೀವು ರೀಲ್ ಲಾಕ್ ಮಾಡಿ ಲೈನ್ ಬಿಗಿಯಾಗುವವರೆಗೆ ಸಮನಾಗಿ ಸುತ್ತಿದರೆ ಸಾಕು, ಜಗ್ಗಿದರೆ ಬಾಯಿಂದ ಈಚೆ ಬರುತ್ತದೆ. ಗಾಳ ಹೊಟ್ಟೆಗೆ ಇಳಿಯುವುದು ಕಡಿಮೆ, ಬಿಟ್ಟ ಮೀನು ಬದುಕುವ ಸಾಧ್ಯತೆ ಹೆಚ್ಚು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸ್ಟ್ರೈಪ್ಡ್ ಬಾಸ್ ಅನ್ನುವ ಮೀನಿಗೆ ಎರೆ ಹಾಕುವವರಿಗೆ 2021ರಿಂದ ಇದನ್ನೇ ಕಡ್ಡಾಯ ಮಾಡಿರುವುದು ಅದಕ್ಕೇ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ರೀಲ್ ಲೈನ್ ಬಿಟ್ಟುಕೊಡುವ ಬಿಗಿ, ಲೈನಿನ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಲಿ.

ಬಂಡೆ ಮೇಲೆ ನಿಲ್ಲುವುದಾದರೆ ಸಾಮಾನು ಬಿಚ್ಚುವ ಮುಂಚೆ ಕಾಲು ಗಂಟೆ ಸುಮ್ನೆ ನೀರು ನೋಡಿ. ಅಲೆಗಳು ಗುಂಪುಗುಂಪಾಗಿ ಬರುತ್ತವೆ, ದೊಡ್ಡ ಗುಂಪು ತಡವಾಗಿ ಬರುತ್ತದೆ. ನೀವು ನಿಲ್ಲಬೇಕೆಂದಿರುವ ಬಂಡೆ ಒದ್ದೆಯಾಗಿದ್ದರೆ ನೀರು ಅಲ್ಲಿವರೆಗೂ ಬರುತ್ತದೆ ಅಂತಲೇ ಅರ್ಥ. ಲೈಫ್ ಜಾಕೆಟ್ ಹಾಕಿ, ಒಬ್ಬರೇ ಹೋಗಬೇಡಿ, ಕೈಜಾರಿ ಬಿದ್ದ ರಾಡ್ ಹಿಡಿಯಲು ಕೆಳಗೆ ಇಳಿಯಬೇಡಿ. ಸಮುದ್ರದ ಕ್ಯಾಟ್‌ಫಿಶ್ ಸಿಕ್ಕರೆ ಬೆನ್ನಿನ, ಪಕ್ಕದ ಮುಳ್ಳುಗಳನ್ನು ಮುಟ್ಟದೆ ಇಕ್ಕಳದಿಂದ ಗಾಳ ಬಿಡಿಸಿ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ, ಊತ ಏರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಉಳಿದ ಜೀವಂತ ಎರೆಯನ್ನು ಹಿಡಿದ ಜಾಗದಲ್ಲೇ ಬಿಡಿ, ಬೇರೆ ಕಡೆಯ ನೀರಿಗೆ ಸುರಿಯಬೇಡಿ.