ಓದುಗರ ಪ್ರಶ್ನೆ: ವೇಪ್ ಇಟ್ಕೊಂಡೋರೆಲ್ಲ ಕಳ್ಳರಾ?

ಹೋದ ಸಂಚಿಕೇಲಿ ಹುಕ್ಕಾ ಬಾರ್ ಬಗ್ಗೆ ಯಾರೋ ಕೇಳಿದ್ದಕ್ಕೆ ಉತ್ತರ ಬರೀತಾ ಕೊನೇಲಿ ಇ-ಸಿಗರೇಟಿನ (ಅದೇ ಈ ವೇಪು, ಬ್ಯಾಟರಿಯಿಂದ ದ್ರವ ಕಾಯಿಸಿ ಎಳೆಯೋದು) ಮೇಲೆ ಎರಡು ಸಾಲು ಸೇರಿಸಿದ್ದೆ, ಅಷ್ಟೇ. ಹುಕ್ಕಾದವರು ಒಬ್ರೂ ಬರೀಲಿಲ್ಲ, ವೇಪ್‌ನವರು ಮಾತ್ರ ಮುಗಿಬಿದ್ರು. ಬೈದವರಿದ್ದಾರೆ, ಗೋಳು ತೋಡ್ಕೊಂಡವರಿದ್ದಾರೆ, ಒಬ್ರು ನಾಲ್ಕು ಪುಟ ಬರ್ದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಕಾಲಂ ಇದಕ್ಕೇ. ಮೊದಲೇ ಹೇಳ್ಬಿಡ್ತೀನಿ, ನಾನು ಹದಿಮೂರು ವರ್ಷ ಸಿಗರೇಟು ಸೇದಿ, ಆಮೇಲೆ ಒಂದೂವರೆ ವರ್ಷ ಇದೇ ವೇಪ್ ಎಳೆದು, ಈಗ ಎರಡೂ ಇಲ್ದೆ ಇರೋ ಆಸಾಮಿ. ಮಾತು ಸ್ವಲ್ಪ ಆ ಕಡೆ ಈ ಕಡೆ ವಾಲಿದ್ರೆ ಅದೇ ಕಾರಣ.

ಪ್ರಶ್ನೆ: ದಿನಕ್ಕೊಂದು ಪ್ಯಾಕ್ ಸೇದ್ತಿದ್ದೋನು ನಾನು. 2017ರಲ್ಲಿ ವೇಪ್‌ಗೆ ಬಂದೆ, ಅವತ್ತಿಂದ ಸಿಗರೇಟು ಮುಟ್ಟಿಲ್ಲ. ಮೆಟ್ಲು ಹತ್ತಿದ್ರೆ ಏದುಸಿರು ಬರಲ್ಲ, ಬಟ್ಟೆ ನಾರುತ್ತೆ ಅಂತ ಹೆಂಡ್ತಿ ಗೊಣಗೋದೂ ನಿಂತಿದೆ. ಆದ್ರೆ ಆಫೀಸ್ ಕೆಳಗೆ ಎಲ್ರೂ ರಾಜಾರೋಷವಾಗಿ ಸಿಗರೇಟು ಸೇದ್ತಾ ನಿಂತಿದ್ರೆ ನಾನೊಬ್ಬ ಕಾರೊಳಗೆ ಗ್ಲಾಸ್ ಏರಿಸ್ಕೊಂಡು ಕೂತು ಎರಡು ಪಫ್ ಎಳೀಬೇಕು. ಕಾನೂನಿನ ಪ್ರಕಾರ ನಾನು ಅಪರಾಧಿನಾ? (ಓದುಗ, ಬೆಳ್ಳಂದೂರು)

ಉತ್ತರ: ಮೊದಲು ಒಂದು ಕಹಿ ಸುದ್ದಿ ಕೇಳಿ. ನೀವು ಶುರು ಹಚ್ಕೊಂಡ 2017ಕ್ಕೆ ಕರ್ನಾಟಕದಲ್ಲಿ ಇದು ಆಗ್ಲೇ ಬ್ಯಾನ್ ಆಗಿತ್ತು, 2016ರ ಜೂನ್‌ನಲ್ಲೇ ರಾಜ್ಯ ಸರ್ಕಾರದ ಆದೇಶ ಬಂದಿತ್ತು. ನಿಮಗೂ ಗೊತ್ತಿರಲಿಲ್ಲ ಅನ್ಸತ್ತೆ, ನನಗಂತೂ ಖಂಡಿತ ಗೊತ್ತಿರಲಿಲ್ಲ, ಆನ್‌ಲೈನಲ್ಲಿ ಆರ್ಡರ್ ಮಾಡಿ ಮನೆ ಬಾಗಿಲಿಗೇ ತರಿಸ್ಕೊಂಡು ಕೊರಿಯರ್ ಹುಡುಗನಿಗೆ ಥ್ಯಾಂಕ್ಸ್ ಬೇರೆ ಹೇಳಿದ್ದೆ. ಆಮೇಲೆ 2019ರ ಸೆಪ್ಟೆಂಬರ್ 18ಕ್ಕೆ ಕೇಂದ್ರದ ಸುಗ್ರೀವಾಜ್ಞೆ ಬಂತು, ನಿರ್ಮಲಾ ಸೀತಾರಾಮನ್ ಅವರು ಪ್ರೆಸ್ ಮೀಟ್ ಮಾಡಿ ಹೇಳಿದ್ರು, ಡಿಸೆಂಬರಲ್ಲಿ ಸಂಸತ್ತು ಪಾಸ್ ಮಾಡಿ ಕಾಯ್ದೆನೇ ಆಯ್ತು.

ಆ ಕಾಯ್ದೆ ಓದಿದ್ರೆ ಒಂದು ಮಜಾ ಇದೆ. ತಯಾರಿಸಬಾರದು, ಆಮದು ಮಾಡಬಾರದು, ರಫ್ತು ಮಾಡಬಾರದು, ಸಾಗಿಸಬಾರದು, ಮಾರಬಾರದು, ಹಂಚಬಾರದು, ಜಾಹೀರಾತು ಕೊಡಬಾರದು ಅಂತ ಉದ್ದಕ್ಕೆ ಪಟ್ಟಿ ಇದೆ. ಮೊದಲ ಸಲ ಸಿಕ್ಕಿಬಿದ್ರೆ 1 ವರ್ಷದವರೆಗೆ ಜೈಲು ಇಲ್ಲಾ 1 ಲಕ್ಷದವರೆಗೆ ದಂಡ, ಎರಡೂ ಹಾಕಬಹುದು. ಮತ್ತೆ ಸಿಕ್ಕಿಬಿದ್ರೆ 3 ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ರೆ 6 ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ, ಅಥವಾ ಎರಡೂ. ನಿಕೋಟಿನ್ ಇಲ್ಲದ ಬರೀ ಫ್ಲೇವರ್ ಸ್ವಾಮಿ ಅಂದ್ರೂ ಬಿಡಲ್ಲ, ಅದೂ ಇದರಲ್ಲೇ ಬರುತ್ತೆ. ಆದ್ರೆ ಇಷ್ಟುದ್ದ ಪಟ್ಟೀಲಿ 'ಸೇದೋದು' ಅನ್ನೋ ಪದ ಎಲ್ಲೂ ಇಲ್ಲ! ಹಾಗಂತ ಖುಷಿಪಡ್ಬೇಡಿ, ಯಾವ ರೂಪದಲ್ಲಿ, ಎಷ್ಟೇ ಇದ್ರೂ ಇಟ್ಕೊಳ್ಳೋದೇ ಉಲ್ಲಂಘನೆ ಅಂತ 2023ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೇಳಿದೆ. ಕಾಯ್ದೆಯ ಪದಗಳಲ್ಲಿ ಅದು ಎಲ್ಲಿದೆ ತೋರ್ಸಿ ಅಂತ ವಾದ ಮಾಡಬಹುದು, ವಾದ ಮಾಡೋಕೆ ವಕೀಲರಿಗೆ ಫೀಸು ಕೊಡಬೇಕು, ಅಷ್ಟೇ ವ್ಯತ್ಯಾಸ. ಒಂದಂತೂ ಮಾಡ್ಬೇಡಿ, ಫ್ರೆಂಡ್ಸಿಗೂ ಇರ್ಲಿ ಅಂತ ನಾಲ್ಕೈದು ತರಿಸಿ ಹಂಚೋದು. ನಿಮ್ಮ ಲೆಕ್ಕದಲ್ಲಿ ಅದು ಸ್ನೇಹ, ಪೊಲೀಸರ ಲೆಕ್ಕದಲ್ಲಿ ವಿತರಣೆ.

ಇನ್ನು ನಿಮ್ಮ ಹೊಟ್ಟೆಯುರಿ. ಅದು ನನಗೆ ಅರ್ಥ ಆಗುತ್ತೆ. ಬೀಡಾ ಅಂಗಡಿ ಕಂಬಕ್ಕೆ ಒಂದು ತೆಂಗಿನ ನಾರಿನ ಹಗ್ಗ ಕಟ್ಟಿರ್ತಾರೆ ನೋಡಿ, ತುದೀಲಿ ಕೆಂಡ, ಬೆಳಗಿಂದ ರಾತ್ರಿವರೆಗೂ ಉರೀತಾನೇ ಇರುತ್ತೆ, ಬಂದವರೆಲ್ಲ ಬಗ್ಗಿ ಬೀಡಿ ಹಚ್ಕೊಂಡು ಹೋಗ್ತಾರೆ. ಸರ್ಕಾರ ಆ ಹಗ್ಗಕ್ಕೆ ನೀರು ಹಾಕಲಿಲ್ಲ. ಆಮೇಲೆ ಬಂದ ವೇಪನ್ನ ಮಾತ್ರ ಒಂದೇ ದಿನದಲ್ಲಿ ಬಂದ್ ಮಾಡ್ತು. ದೇಶದಲ್ಲಿ ತಂಬಾಕು ಬಳಸೋರು ಸುಮಾರು 26.7 ಕೋಟಿ ಅಂತ 2016–17ರ ಸರ್ಕಾರಿ ಸರ್ವೇನೇ ಹೇಳುತ್ತೆ, ಅಷ್ಟು ಜನಕ್ಕೆ ಸಿಗರೇಟು, ಬೀಡಿ, ಜರ್ದಾ ಎಲ್ಲ ಲೀಗಲ್. ಸಿಗರೇಟು ಮಾಡೋ ಐಟಿಸಿ ಕಂಪನೀಲಿ ಸರ್ಕಾರಿ ವಿಮಾ ಸಂಸ್ಥೆ ಎಲ್‌ಐಸಿಯದ್ದು ಶೇ 15ರಷ್ಟು ಪಾಲಿದೆ ಅನ್ನೋದನ್ನ ವೇಪ್‌ನವರು ಹತ್ತು ಸಲ ಹೇಳ್ತಾರೆ, ಅದು ಸುಳ್ಳೇನಲ್ಲ, ಬ್ಯಾನ್ ಆದ ದಿನ ಸಿಗರೇಟು ಕಂಪನಿ ಷೇರು ಮೇಲೆ ಹೋಗಿದ್ದೂ ನಿಜ. ಅದಕ್ಕೋಸ್ಕರಾನೇ ಬ್ಯಾನ್ ಮಾಡಿದ್ರು ಅಂತ ನಾನು ಹೇಳಲ್ಲ. ಆದ್ರೆ ಸೇದೋನ ಮನಸ್ಸಲ್ಲಿ ಆ ಅನುಮಾನ ಹುಟ್ಟಿದ್ರೆ ಅವನನ್ನ ಬೈಯೋಕೂ ಆಗಲ್ಲ.

ಪ್ರಶ್ನೆ: ಪಿಯುಸಿ ಓದೋ ಮಗನ ಬ್ಯಾಗಲ್ಲಿ ಹೈಲೈಟರ್ ಪೆನ್ ಥರದ್ದು ಒಂದು ಸಿಕ್ತು ಸರ್. ಪೆನ್ನೇ ಅಂದ್ಕೊಂಡೆ. ಮೂಸಿದ್ರೆ ಮಾವಿನಹಣ್ಣಿನ ವಾಸನೆ. ಕೇಳಿದ್ರೆ 'ಬರೀ ಆವಿ ಅಮ್ಮ, ಏನೂ ಆಗಲ್ಲ' ಅಂತಾನೆ. ಅವರಪ್ಪನಿಗೆ ಇನ್ನೂ ಹೇಳಿಲ್ಲ. (ಒಬ್ಬ ತಾಯಿ, ದಾವಣಗೆರೆ)

ಉತ್ತರ: ಅಮ್ಮಾ, ಅದರ ಒಂದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ '5%' ಅಂತೇನಾದ್ರೂ ಇದೆಯಾ ನೋಡಿ. ಇದ್ರೆ, ಒಂದು ಮಿಲೀ ದ್ರವದಲ್ಲಿ 50 ಮಿಲಿಗ್ರಾಂ ನಿಕೋಟಿನ್ ಇದೆ ಅಂತ ಅರ್ಥ. ಇಂಗ್ಲೆಂಡಲ್ಲಿ ದೊಡ್ಡವರಿಗೆ ಕಾನೂನುಬದ್ಧವಾಗಿ ಮಾರೋದರಲ್ಲೇ 20 ಮಿಲಿಗ್ರಾಂ ದಾಟೋ ಹಾಗಿಲ್ಲ, ಅಂದ್ರೆ ನಿಮ್ಮ ಮಗನ ಕೈಲಿರೋದು ಅದರ ಎರಡೂವರೆ ಪಟ್ಟು. ಅದೂ ಆ ಅಂಕಿ ನಿಜ ಆಗಿದ್ರೆ. ಬ್ಯಾನ್ ಆದ ಮಾಲು, ಯಾರು ಎಲ್ಲಿ ತುಂಬಿದ್ರೋ, ಪರೀಕ್ಷೆ ಮಾಡೋರು ಯಾರೂ ಇಲ್ಲ.

'ಬರೀ ಆವಿ' ಅನ್ನೋದೂ ಸರಿಯಲ್ಲ. ಒಳಗೊಂದು ಬ್ಯಾಟರಿ, ಒಂದು ಸುರುಳಿ ತಂತಿ, ಅದರ ಸುತ್ತ ದ್ರವ ಹೀರಿದ ಹತ್ತಿ. ಎಳೆದಾಗ ತಂತಿ ಕಾಯುತ್ತೆ, ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ನಿಕೋಟಿನ್, ಫ್ಲೇವರ್ ಎಲ್ಲ ಸೇರಿ ಮಂಜಿನ ಥರ ಎದ್ದು ಶ್ವಾಸಕೋಶಕ್ಕೆ ಹೋಗುತ್ತೆ. ಬೆಂಕಿ ಇಲ್ಲ, ಬೂದಿ ಇಲ್ಲ, ಹಾಗಾಗಿ ಸಿಗರೇಟಿನ ಟಾರ್ ಇಲ್ಲ, ಅದು ನಿಜ. ಆದ್ರೆ ಮೊದಲು ಸಿಗರೇಟನ್ನೇ ಸೇದದ ಹುಡುಗನಿಗೆ ಆ ಲೆಕ್ಕ ಯಾಕೆ ಬೇಕು? ಅವನು ಯಾವುದನ್ನೂ ಬಿಟ್ಟು ಇದಕ್ಕೆ ಬಂದಿಲ್ಲ, ಸೀದಾ ಇದಕ್ಕೇ ಬಂದಿದ್ದಾನೆ. ಸಿಗರೇಟಾದ್ರೆ ಒಂದು ಮುಗಿಯುತ್ತೆ, ಇದು ಮುಗಿಯೋದೇ ಇಲ್ಲ, ಬಾತ್‌ರೂಮಲ್ಲಿ ಎರಡು ಎಳೆತ, ಟ್ಯೂಷನ್ ಮುಂದೆ ಎರಡು ಎಳೆತ. 2019ರಲ್ಲಿ ಅಮೆರಿಕದ ಹೈಸ್ಕೂಲ್ ಮಕ್ಕಳಲ್ಲಿ ನೂರಕ್ಕೆ 27 ಜನ ವೇಪ್ ಬಳಸ್ತಿದ್ರು, ನಮ್ಮಲ್ಲಿ ಬ್ಯಾನ್ ತಂದಾಗ ಅದನ್ನೇ ಮುಂದಿಟ್ಟು ಹೆದರಿದ್ದು. ಆ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ. ಬೆಳ್ಳಂದೂರಿನವರು ಇದನ್ನೂ ಓದಲಿ.

ಅವರಪ್ಪನಿಗೆ ಹೇಳಿ, ಆದ್ರೆ ಬೆಲ್ಟ್ ಬಿಚ್ಚೋ ಪೈಕಿ ಆಗಿದ್ರೆ ಸ್ವಲ್ಪ ತಡೆದು ಹೇಳಿ. ಹುಡುಗ ನಾಲ್ಕು ದಿನ ಸಿಡಿಮಿಡಿ ಅಂತಾನೆ, ನಿದ್ದೆ ಬರಲ್ಲ, ಪುಸ್ತಕದ ಮೇಲೆ ಗಮನ ನಿಲ್ಲಲ್ಲ. ಅದು ಸೊಕ್ಕಲ್ಲ, ನಿಕೋಟಿನ್ ಬಿಡಿಸ್ಕೊಳ್ಳೋ ಕಷ್ಟ. 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಕಟ್ ಆಗಲ್ಲ, ಸರ್ಕಾರದ್ದೇ ಕ್ವಿಟ್‌ಲೈನ್ (ತಂಬಾಕು ಬಿಡಿಸೋ ಸಹಾಯವಾಣಿ), ಕನ್ನಡದಲ್ಲೂ ಮಾತಾಡ್ತಾರೆ.

ಪ್ರಶ್ನೆ: ಮೂರು ಎಕರೇಲಿ ಹೊಗೆಸೊಪ್ಪು ಹಾಕ್ತೀನಿ ಕಣಣ್ಣ. ಈ ಕರೆಂಟ್ ಬೀಡಿ ಬ್ಯಾನ್ ಮಾಡಿದ್ದು ನಮ್ಮಂಥ ಬೆಳೆಗಾರರ ಉಳಿಸಕ್ಕೆ ಅಂತ ಆವತ್ತು ಹೇಳಿದ್ರು. ಉಳುದ್ವಾ? (ರೈತ, ಪಿರಿಯಾಪಟ್ಟಣ)

ಉತ್ತರ: ಯಜಮಾನ್ರೇ, 'ಕರೆಂಟ್ ಬೀಡಿ'! ಇಷ್ಟು ಚೆನ್ನಾಗಿರೋ ಹೆಸರು ನನಗೆ ಹೊಳೀಲೇ ಇಲ್ಲ. ಬ್ಯಾನನ್ನ ಬೆಳೆಗಾರರ ಸಂಘಗಳು ಸ್ವಾಗತ ಮಾಡಿದ್ದು ನಿಜ. ಆದ್ರೆ ನಿಮ್ಮ ಬದುಕನ್ನ ಕರೆಂಟ್ ಬೀಡಿ ಕೆಡಿಸಿತ್ತಾ? ಎಲೆ ಒಣಗಿಸೋ ಬ್ಯಾರನ್‌ಗೆ ಸೌದೆ ಹೊಂದಿಸೋದು, ಕೂಲಿ, ಮಳೆ, ತಂಬಾಕು ಮಂಡಳಿ ಲೈಸೆನ್ಸು, ಹರಾಜು ಕಟ್ಟೇಲಿ ಬೇಲ್ ಮುಂದೆ ನಿಂತಾಗ ಬಿಡ್ಡರ್ ಹೇಳೋ ರೇಟು, ನಿಮ್ಮನ್ನ ಹಿಂಡ್ತಿರೋದು ಇದೇ ಅಲ್ವಾ. ಇನ್ನೊಂದು ತಮಾಷೆ ಹೇಳ್ತೀನಿ, ಆ ಕರೆಂಟ್ ಬೀಡಿ ಒಳಗಿರೋ ನಿಕೋಟಿನ್ನನ್ನೂ ಸಾಮಾನ್ಯವಾಗಿ ತಂಬಾಕಿನ ಎಲೆಯಿಂದಲೇ ತೆಗೀತಾರೆ. ಹೊಗೆಸೊಪ್ಪಿಗೆ ಬದಲಿ ಏನು ಬೆಳೀಬೇಕು ಅನ್ನೋ ಪ್ರಶ್ನೆ 2019ಕ್ಕೆ ಮುಂಚೆನೂ ಹಾಗೇ ಇತ್ತು, ಈಗಲೂ ಹಾಗೇ ಇದೆ.

ಪ್ರಶ್ನೆ: ಮ್ಯಾಂಚೆಸ್ಟರಲ್ಲಿದೀನಿ. ಇಲ್ಲಿ ಡಾಕ್ಟರೇ ಸಿಗರೇಟು ಬಿಡೋಕೆ ವೇಪ್ ಟ್ರೈ ಮಾಡಿ ಅಂತಾರೆ. ಶಿವಮೊಗ್ಗದಲ್ಲಿರೋ ಅಪ್ಪ ನಲವತ್ತು ವರ್ಷದಿಂದ ಸಿಗರೇಟು ಬಿಟ್ಟಿಲ್ಲ. ದಸರಾಗೆ ಬರುವಾಗ ಅವರಿಗೆ ಒಂದು ತರ್ಲಾ?

ಉತ್ತರ: ತರ್ಬೇಡಿ. ಸೂಟ್‌ಕೇಸಲ್ಲಿ ಒಂದೇ ಒಂದು ತಂದ್ರೂ ಅದು ಆಮದೇ, ಕಸ್ಟಮ್ಸ್‌ನವರು ಕಿತ್ಕೊಂಡ್ರೆ ಅಪ್ಪನ ಆರೋಗ್ಯ ಅಂತ ಹೇಳಿ ಬಿಡಿಸ್ಕೊಳ್ಳೋಕೆ ಆಗಲ್ಲ. ಅದರಲ್ಲೂ ಬರ್ತಾ ಸಿಂಗಾಪುರದಲ್ಲಿ ಇಳ್ಕೊಂಡು ಸುತ್ತಾಡಿ ಬರೋ ಪ್ಲಾನ್ ಇದ್ರೆ ಜೇಬು, ಬ್ಯಾಗು ಎರಡೆರಡು ಸಲ ನೋಡ್ಕೊಳ್ಳಿ, ಅಲ್ಲಿ ಇಟ್ಕೊಳ್ಳೋದೂ ಸೇದೋದೂ ಎರಡೂ 2018ರಿಂದ ಅಪರಾಧ, 2025ರ ಸೆಪ್ಟೆಂಬರಿಂದ ಶಿಕ್ಷೆ ಇನ್ನೂ ಬಿಗಿ ಮಾಡಿದ್ದಾರೆ.

ನೀವಿರೋ ಇಂಗ್ಲೆಂಡಿನ ದಾರಿ ಬೇರೆ. ಸಿಗರೇಟಿಗಿಂತ ಶೇ 95ರಷ್ಟು ಕಡಿಮೆ ಅಪಾಯ ಅಂತ 2015ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆನೇ ಹೇಳ್ತು (ಆ ಅಂಕಿ ಬಗ್ಗೆ ಜಗಳ ಇನ್ನೂ ನಿಂತಿಲ್ಲ), 2023ರಲ್ಲಿ ಹತ್ತು ಲಕ್ಷ ಜನಕ್ಕೆ ಪುಕ್ಕಟೆ ವೇಪ್ ಕಿಟ್ ಕೊಡ್ತೀವಿ ಅಂತ ಸ್ಕೀಮ್ ಮಾಡಿದ್ರು. ಅಷ್ಟೆಲ್ಲ ಮಾಡಿದವರೇ ಮಕ್ಕಳ ಕೈಗೆ ಬಣ್ಣಬಣ್ಣದ ಡಿಸ್ಪೋಸಬಲ್ ಹೋಗೋದು ನೋಡಿ 2025ರ ಜೂನ್ 1ರಿಂದ ಬಳಸಿ ಬಿಸಾಡೋ ವೇಪನ್ನ ಬ್ಯಾನ್ ಮಾಡಿದ್ರು. ಆಸ್ಟ್ರೇಲಿಯಾದವರು ಮೆಡಿಕಲ್ ಸ್ಟೋರಲ್ಲಿ ಮಾತ್ರ ಸಿಗಬೇಕು ಅಂದ್ರು. ನನಗೆ ಆ ಮೆಡಿಕಲ್ ಸ್ಟೋರ್ ಐಡಿಯಾ ಹಿಡಿಸುತ್ತೆ, ನಿಮ್ಮಪ್ಪನಂಥವರಿಗೆ ಒಂದು ಕಿಟಕಿ ತೆಗೆದಿಟ್ಟು ಪಿಯುಸಿ ಹುಡುಗನಿಗೆ ಬಾಗಿಲು ಹಾಕಿದ ಹಾಗೆ. ಅದೇನು ಅಲ್ಲಿ ಸುಸೂತ್ರವಾಗಿ ನಡೀತಿದೆ ಅಂತಲ್ಲ, ಅಲ್ಲೂ ಕಳ್ಳಮಾಲು ಇದೆ.

ಪ್ರಶ್ನೆ: ಅಮೆರಿಕದಲ್ಲಿ ವೇಪ್ ಸೇದಿ ಜನ ಸತ್ತಿದ್ದು ಮರೆತ್ರಾ? ಚಟಗಾರರ ಪರ ಯಾಕೆ ಬರೀತೀರಿ? (ಹೆಸರು ಬೇಡ, ಮೈಸೂರು)

ಉತ್ತರ: ಮರೆತಿಲ್ಲ. 2019–20ರಲ್ಲಿ ಅಲ್ಲಿ 2,807 ಜನ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ್ರು ಇಲ್ಲಾ ಪ್ರಾಣ ಬಿಟ್ರು, ಸತ್ತವರು 68. ಹುಡುಕಿದಾಗ ಮುಖ್ಯವಾಗಿ ಸಿಕ್ಕಿದ್ದು ಗಾಂಜಾ ಎಣ್ಣೆ ತುಂಬಿದ ಕಳ್ಳಮಾರ್ಕೆಟ್ ಕಾರ್ಟ್ರಿಡ್ಜ್‌ಗಳು, ಅವುಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಅಂದ್ರೆ ಕಳ್ಳಮಾಲೇ ಜೀವ ತೆಗೆದಿದ್ದು, ನಮ್ಮಲ್ಲಿ ಈಗ ಇರೋದು ಬರೀ ಕಳ್ಳಮಾಲು, ಇದಕ್ಕೆ ನೀವೇನಂತೀರಿ? ಹಾಗಂತ ಕಂಪನಿ ಮಾಲು ಅಮೃತ ಅಂತಲ್ಲ. ಈಗಿನ ರೂಪದ ಇ-ಸಿಗರೇಟು ಹುಟ್ಟಿದ್ದೇ 2003ರ ಹೊತ್ತಿಗೆ, ಚೀನಾದ ಹೊನ್ ಲಿಕ್ ಅನ್ನೋ ಫಾರ್ಮಸಿಸ್ಟ್ ಕೈಲಿ, ನಲವತ್ತು ವರ್ಷ ಇದನ್ನೇ ಎಳೆದವನು ಭೂಮಿ ಮೇಲೆ ಇನ್ನೂ ಒಬ್ಬನೂ ಇಲ್ಲ. ಆಮೇಲೆ ಆ 'ಚಟಗಾರ' ಅನ್ನೋ ಪದ. ಸಿಗರೇಟು ಸೇದೋ ನಿಮ್ಮ ಭಾವನಿಗೋ ಮಾವನಿಗೋ ಎದುರಿಗೆ ನಿಂತು ಹಾಗಂತೀರಾ?

ಪ್ರಶ್ನೆ: ಎಲ್ಲ ಸರಿ, ವೇಪ್ ಬಿಡೋದು ಹೇಗೆ? ಎಲ್ರೂ ಸಿಗರೇಟು ಬಿಡೋದನ್ನೇ ಹೇಳ್ತಾರೆ. (ಓದುಗಿ, ಹುಬ್ಬಳ್ಳಿ)

ಉತ್ತರ: ಬೆಂಗಳೂರಿಗೆ ಬಂದು ಹೋಗೋಕೆ ಆದ್ರೆ ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸೋ ಕ್ಲಿನಿಕ್ ಇದೆ, ಇಲ್ಲಾಂದ್ರೆ ದಾವಣಗೆರೆ ಅಮ್ಮನಿಗೆ ಕೊಟ್ಟ ನಂಬರೇ ನಿಮಗೂ. ನಾನು ಬಿಟ್ಟಿದ್ದು ನಿಕೋಟಿನ್ ಗಮ್ಮಲ್ಲಿ. ಹೃದಯದ ತೊಂದರೆ ಇರೋರು, ಬಸುರಿಯರು ಡಾಕ್ಟರನ್ನ ಕೇಳದೆ ಮುಟ್ಟಬಾರದು. ಮೆಡಿಕಲ್ ಶಾಪಲ್ಲಿ 2 ಮಿಲಿಗ್ರಾಂದು ಸಿಗುತ್ತೆ. ಮೊದಲ ದಿನ ನಾನು ಅದನ್ನ ಬಬಲ್‌ಗಮ್ ಥರ ಕಚಕಚ ಅಗಿದು ಉಗುಳು ನುಂಗಿ, ಮಧ್ಯಾಹ್ನ ಪೂರ್ತಿ ಬಿಕ್ಕಳಿಸ್ತಾ ಕೂತಿದ್ದೆ, ಆಫೀಸಲ್ಲಿ ಎಲ್ರೂ ನೀರು ತಂದುಕೊಟ್ಟಿದ್ದೇ ಕೊಟ್ಟಿದ್ದು. ಹಾಗಲ್ಲ ಅದು. ನಿಧಾನಕ್ಕೆ ನಾಲ್ಕಾರು ಸಲ ಅಗೀಬೇಕು, ಖಾರ ಖಾರ ಚುರ್ ಅಂದ ತಕ್ಷಣ ನಿಲ್ಸಿ ಕೆನ್ನೆ-ಒಸಡಿನ ಮಧ್ಯೆ ಎಲೆಅಡಿಕೆ ಒತ್ತರಿಸಿ ಇಟ್ಕೊಂಡ ಹಾಗೆ ಇಟ್ಕೋಬೇಕು, ಚುರುಕು ಹೋದ್ಮೇಲೆ ಮತ್ತೆ ಅಗಿಯೋದು. ಕಾಫಿ, ಟೀ ಕುಡಿದು ಕಾಲು ಗಂಟೆ ಆಗೋವರೆಗೆ ಬಾಯಿಗೆ ಹಾಕ್ಬೇಡಿ, ಕೆಲಸ ಮಾಡಲ್ಲ. ನನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಆ ಕಾಲು ಗಂಟೆನೇ. ಫಿಲ್ಟರ್ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಕೈ ತಾನಾಗೇ ಶರ್ಟ್ ಜೇಬಿಗೆ ಹೋಗ್ತಿತ್ತು, ಜೇಬಲ್ಲಿ ಹಳೇ ವೇಪ್ ದ್ರವ ಸೋರಿ ಅಂಟಿದ್ದ ಪುದೀನಾ ವಾಸನೆ ಇನ್ನೂ ಹೋಗಿರಲಿಲ್ಲ. ಎರಡು ತಿಂಗಳು ಬರೀ ಟೀ ಶರ್ಟ್ ಹಾಕ್ಕೊಂಡು ಓಡಾಡಿದೆ.